ಜೇನುಗೂಡಿನಿಂದ ವ್ಯಾಪಾರದ ಲೆಕ್ಕ: ಸಣ್ಣ ಉದ್ಯಮಕ್ಕೆ ಹಂತ ಹಂತದ ಮಾರ್ಗದರ್ಶಿ

ಹೊಟ್ಟೆ ತುಂಬ ಮಕರಂದ ಹೊತ್ತು ಗೂಡಿಗೆ ಮರಳಿದ ಜೇನುಹುಳು ಅದನ್ನು ತಾನೇ ಎರಿಗೆ, ಅಂದರೆ ಜೇನು ಕೂಡಿಡುವ ಮೇಣದ ಕೋಶಗಳಿಗೆ, ಸುರಿಯುವುದಿಲ್ಲ. ಬಾಗಿಲ ಒಳಗೆ ಓಡಾಡುವ ಕಿರಿಯ ಹುಳುವೊಂದನ್ನು ಹುಡುಕಿ ಬಾಯಿಂದ ಬಾಯಿಗೆ ದಾಟಿಸುತ್ತದೆ. ಆ ಹುಡುಕಾಟಕ್ಕೆ ಎಷ್ಟು ಹೊತ್ತು ಹಿಡಿಯಿತು ಎಂಬುದರ ಮೇಲೆ ಅದರ ಮುಂದಿನ ನಡೆ ನಿಂತಿದೆ. ಸುಮಾರು 20 ಸೆಕೆಂಡಿನೊಳಗೆ ಯಾರಾದರೂ ಸಿಕ್ಕರೆ ಅದು ಕುಣಿದು ಇನ್ನಷ್ಟು ಹುಳುಗಳನ್ನು ಆ ಹೂವಿನ ಕಡೆಗೆ ಕಳಿಸುತ್ತದೆ. 50 ಸೆಕೆಂಡು ದಾಟಿದರೆ ಕುಣಿತವೇ ಬೇರೆ. ಮೈ ನಡುಗಿಸುತ್ತ ಗೂಡಿನೊಳಗೆಲ್ಲ ಅಲೆಯುತ್ತದೆ. ಆಗ ಮಕರಂದ ಇಳಿಸಿಕೊಳ್ಳಲು ಒಳಗಿನ ಹೆಚ್ಚು ಹುಳುಗಳು ಬರುತ್ತವೆ, ಹೊಸಬರನ್ನು ಹೊರಗೆ ಕರೆಯುವ ಕುಣಿತ ತಗ್ಗುತ್ತದೆ. ಕಾರ್ನೆಲ್ ವಿಶ್ವವಿದ್ಯಾಲಯದ ಥಾಮಸ್ ಸೀಲಿ ಇದನ್ನು 1992ರಲ್ಲಿ ಅಳತೆ ಮಾಡಿ ತೋರಿಸಿದರು.

ಗೂಡಿನಲ್ಲಿ ಸಾವಿರಾರು ಹುಳುಗಳಿದ್ದರೂ ಯಜಮಾನ ಯಾರೂ ಇಲ್ಲ. ರಾಣಿಯ ಕೆಲಸ ಮೊಟ್ಟೆ ಇಡುವುದು, ಅಪ್ಪಣೆ ಕೊಡುವುದಲ್ಲ. ಯಾವ ಹೂವಿಗೆ ಹೋಗಬೇಕು, ಯಾವಾಗ ಎರಿ ಕಟ್ಟಬೇಕು, ಯಾವ ಜಾಗಕ್ಕೆ ಮನೆ ಬದಲಿಸಬೇಕು ಎಂಬ ಒಂದೊಂದು ನಿರ್ಧಾರದ ಹಿಂದೆಯೂ ಒಂದು ಸಣ್ಣ ಅಳತೆ ಇದೆ. ಸಣ್ಣ ವ್ಯಾಪಾರಕ್ಕೆ ಬೇಕಾದದ್ದು ಇದೇ. ದೊಡ್ಡ ಕಂಪನಿಯ ಹಾಗೆ ವರದಿ ತಯಾರಿಸಲು ನಮಗೆ ಜನರಿಲ್ಲ, ಆದರೆ ಸರಿಯಾದ ಜಾಗದಲ್ಲಿ ನಿಂತು ಎಣಿಸಲು ಒಬ್ಬರು ಸಾಕು.

ಬೇಕಾಗುವ ಸಾಮಗ್ರಿ: ಒಂದು ನೋಟ್‌ಪುಸ್ತಕ, ಗಡಿಯಾರ, ಹಿಂದಿನ 12 ತಿಂಗಳ ಆದಾಯ-ಖರ್ಚಿನ ಲೆಕ್ಕ, ಆರು ವಾರಗಳ ತಾಳ್ಮೆ. ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಮೊದಲನೆಯದು ಆಗದೆ ಉಳಿದವಕ್ಕೆ ಕೈಹಾಕಿದರೆ ಅಂದಾಜಿನ ಮೇಲೆ ಅಂದಾಜು ಕಟ್ಟಿದಂತಾಗುತ್ತದೆ.

ಹಂತ 1: ಕೆಲಸ ಕೈ ಬದಲಾಗುವ ಜಾಗದಲ್ಲಿ ಕಾಯುವ ಹೊತ್ತನ್ನು ಅಳೆಯಿರಿ

ಜೇನುಹುಳು ಅಳೆಯುವುದು ಮಕರಂದ ಇಳಿಸಲು ಹಿಡಿದ ಹೊತ್ತನ್ನಲ್ಲ, ಇಳಿಸಿಕೊಳ್ಳುವವರನ್ನು ಹುಡುಕಲು ಹಿಡಿದ ಹೊತ್ತನ್ನು. ಈ ವ್ಯತ್ಯಾಸ ಬಹಳ ಮುಖ್ಯ. ರಿಪೇರಿ ಅಂಗಡಿಗೆ ಸೋಮವಾರ ಬೆಳಿಗ್ಗೆ 10ಕ್ಕೆ ಒಂದು ಫ್ಯಾನ್ ಬಂತೆನ್ನಿ. ಅದರ ಕೆಲಸ 40 ನಿಮಿಷದ್ದು. ಆದರೆ ಅದಕ್ಕೆ ಕೈ ಹಾಕಿದ್ದು ಬುಧವಾರ ಮಧ್ಯಾಹ್ನ. ಬರೆದುಕೊಳ್ಳಬೇಕಾದದ್ದು 40 ನಿಮಿಷವನ್ನಲ್ಲ, ಆ ಎರಡೂಕಾಲು ದಿನವನ್ನು.

ಮಾಡುವ ವಿಧಾನ ಹೀಗೆ. ಎರಡು ವಾರ, ಬರುವ ಪ್ರತಿ ಆರ್ಡರಿಗೂ ಮೂರು ಹೊತ್ತು ಬರೆದಿಡಿ: ಆರ್ಡರ್ ಒಪ್ಪಿಕೊಂಡದ್ದು, ಕೆಲಸ ಶುರುವಾದದ್ದು, ಗಿರಾಕಿಯ ಕೈಸೇರಿದ್ದು. ಮೊದಲ ಎರಡರ ನಡುವಿನ ಅಂತರವೇ ನಿಮ್ಮ ಹುಡುಕಾಟದ ಹೊತ್ತು. ಎರಡನೆಯ ವಾರದ ಕೊನೆಗೆ ಈ ಅಂತರಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ಬರೆದು ನಡುವಿನದನ್ನು ಆರಿಸಿ. 25 ಆರ್ಡರ್ ಇದ್ದರೆ 13ನೆಯದು. ಸರಾಸರಿ ತೆಗೆಯಬೇಡಿ. ಹತ್ತು ದಿನ ಮೂಲೆಯಲ್ಲಿ ಬಿದ್ದಿದ್ದ ಒಂದೇ ಆರ್ಡರ್ ಇಡೀ ಸರಾಸರಿಯನ್ನು ಕೆಡಿಸುತ್ತದೆ.

ಈಗ ಎರಡು ಗೆರೆ ಹಾಕಿ. ಕೆಳಗೆರೆ ಎಂದರೆ ಗಿರಾಕಿ ತಾನಾಗಿ ಫೋನ್ ಮಾಡಿ ವಿಚಾರಿಸದಷ್ಟು ಹೊತ್ತು. ಮೇಲ್ಗೆರೆ ಎಂದರೆ ಆರ್ಡರ್ ವಾಪಸ್ ಕೇಳಲು ಶುರುಮಾಡುವ ಹೊತ್ತು. ಇವು ಅಂದಾಜಿನಲ್ಲಿ ಸಿಗುವುದಿಲ್ಲ, ವಿಚಾರಿಸಿದವರು ಮತ್ತು ವಾಪಸ್ ಕೇಳಿದವರು ಎಷ್ಟು ಕಾದಿದ್ದರು ಎಂದು ನಿಮ್ಮ ಪುಸ್ತಕವೇ ಹೇಳುತ್ತದೆ. ಎರಡು ಗೆರೆಗಳ ನಡುವೆ ಕನಿಷ್ಠ ಎರಡು ಪಟ್ಟು ಅಂತರವಿರಲಿ. ಜೇನುಹುಳುವಿನ 20ಕ್ಕೂ 50ಕ್ಕೂ ನಡುವೆ ಎರಡೂವರೆ ಪಟ್ಟಿದೆ. ಒಂದೇ ಗೆರೆ ಇಟ್ಟರೆ ಈ ವಾರ ಜಾಹೀರಾತು, ಮುಂದಿನ ವಾರ ಜಾಹೀರಾತು ಬಂದ್, ಅದರ ಮುಂದಿನ ವಾರ ಮತ್ತೆ ಶುರು ಎಂದು ವ್ಯಾಪಾರ ಉಯ್ಯಾಲೆಯಾಡುತ್ತದೆ.

ನಡುವಿನ ಸಂಖ್ಯೆ ಕೆಳಗೆರೆಗಿಂತ ಕಡಿಮೆ ಇದ್ದರೆ ಹೊರಗೆ ಹೋಗಿ: ಪ್ರಚಾರ, ಹೊಸ ಗಿರಾಕಿಗಳ ಭೇಟಿ, ಹಳೆ ಗಿರಾಕಿಗಳಿಗೆ ಕರೆ. ಮೇಲ್ಗೆರೆ ದಾಟಿದ್ದರೆ ಪ್ರಚಾರವನ್ನು ಅಂದೇ ನಿಲ್ಲಿಸಿ ಒಳಗಿನ ಕೆಲಸಕ್ಕೆ ಕೈ ಹೆಚ್ಚಿಸಿ. ನಡುವೆ ಇದ್ದರೆ ಏನನ್ನೂ ಬದಲಿಸಬೇಡಿ. ಮೂರನೆಯದೇ ಎಲ್ಲಕ್ಕಿಂತ ಕಷ್ಟದ್ದು, ಸುಮ್ಮನಿರಲು ಯಾರಿಗೂ ಮನಸ್ಸು ಒಪ್ಪುವುದಿಲ್ಲ.

ಸಾಮಾನ್ಯವಾಗಿ ಎಡವುವುದು ಎರಡು ಕಡೆ. ಒಂದು, ಕೆಲಸ ಕಟ್ಟಿಕೊಂಡಿರುವಾಗಲೇ ಹಣದ ಓಡಾಟ ಬಿಗಿಯಾಗುತ್ತದೆ, ಏಕೆಂದರೆ ಕೆಲಸ ಮುಗಿಯದೆ ಹಣ ಬರುವುದಿಲ್ಲ. ಅದನ್ನು ವ್ಯಾಪಾರ ಇಳಿದಿದೆ ಎಂದು ತಪ್ಪಾಗಿ ಓದಿ ಮಾಲೀಕರು ಇನ್ನಷ್ಟು ಆರ್ಡರ್ ಹಿಡಿಯಲು ಓಡುತ್ತಾರೆ. ನಡುಗುವ ಕುಣಿತ ಬೇಕಾದಲ್ಲಿ ಕರೆಯುವ ಕುಣಿತ ಕುಣಿದಂತೆ. ಎರಡು, ಕೆಲಸ ನಿಲ್ಲುವ ಜಾಗ ಬಹಳ ಸಲ ಮಾಲೀಕರ ಮೇಜೇ ಆಗಿರುತ್ತದೆ. ಬೆಲೆ ಹೇಳಲು, ಅಳತೆ ಒಪ್ಪಲು, ಸಾಮಾನು ತರಿಸಲು ಎಲ್ಲಕ್ಕೂ ಅವರೇ ಬೇಕು. ಕೆಲಸ ಶುರುವಾಗದ ಪ್ರತಿ ಆರ್ಡರಿನ ಎದುರು ‘ಯಾರಿಗಾಗಿ ಕಾಯುತ್ತಿದೆ’ ಎಂದು ಒಂದು ಹೆಸರು ಬರೆದು ನೋಡಿ. ಅರ್ಧಕ್ಕಿಂತ ಹೆಚ್ಚು ಕಡೆ ನಿಮ್ಮದೇ ಹೆಸರು ಬಂದರೆ ಹೊಸ ಆಳು ಬೇಕಿಲ್ಲ, ಒಂದು ದರಪಟ್ಟಿ ಬರೆದು ಗೋಡೆಗೆ ಅಂಟಿಸಿದರೆ ಸಾಕು.

ಹಂತ 2: ಹೊರೆ ಎಷ್ಟೆಂದಲ್ಲ, ಖರ್ಚಿಗೆ ತಕ್ಕ ಗಳಿಕೆ ಎಷ್ಟೆಂದು ನೋಡಿ

ಹೂವುಗಳು ದೂರದೂರ ಇದ್ದಾಗ ಜೇನುಹುಳು ಹೊಟ್ಟೆ ಪೂರ್ತಿ ತುಂಬುವ ಮೊದಲೇ ಗೂಡಿಗೆ ತಿರುಗುತ್ತದೆ. ತುಂಬಿದ ಹೊಟ್ಟೆ ಹೊತ್ತು ಹೂವಿಂದ ಹೂವಿಗೆ ಹಾರುವುದು ದುಬಾರಿ. ಕೊನೆಯ ಹನಿಗಾಗಿ ಹಾರುವ ಖರ್ಚು ಆ ಹನಿಯ ಬೆಲೆಯನ್ನೇ ನುಂಗುತ್ತದೆ. 1985ರಲ್ಲಿ ಈ ಅರೆತುಂಬಿದ ಹೊರೆಯ ಲೆಕ್ಕ ಮಾಡಿದ ಸಂಶೋಧಕರಿಗೆ ಕಂಡದ್ದು, ಹುಳು ಗಂಟೆಗೆ ಎಷ್ಟು ಸಿಕ್ಕಿತು ಎಂಬುದಕ್ಕಿಂತ ವ್ಯಯಿಸಿದ ಶಕ್ತಿಗೆ ಎಷ್ಟು ಸಿಕ್ಕಿತು ಎಂಬುದಕ್ಕೆ ಹೊಂದುವಂತೆ ನಡೆಯುತ್ತದೆ ಎಂದು.

ನಿಮ್ಮ ವ್ಯಾಪಾರದಲ್ಲಿ ಯಾವುದು ಕೊರತೆಯೋ ಅದರಿಂದ ಭಾಗಿಸಬೇಕು. ಹೆಚ್ಚಿನವರಿಗೆ ಕೊರತೆ ಇರುವುದು ದುಡಿಯುವ ಗಂಟೆ ಇಲ್ಲವೇ ಕೈಹಣ. ಮೂರು ಆರ್ಡರ್ ತೆಗೆದುಕೊಳ್ಳೋಣ.

ಮೊದಲನೆಯದು: ಆದಾಯ 100, ಸಾಮಾನಿಗೆ 40, ಕೆಲಸ 20 ಗಂಟೆ. ಉಳಿಯುವುದು 60. ಗಂಟೆಗೆ 3, ಹೂಡಿದ ಪ್ರತಿ 1ಕ್ಕೆ 1.5.
ಎರಡನೆಯದು: ಆದಾಯ 30, ಸಾಮಾನಿಗೆ 10, ಕೆಲಸ 4 ಗಂಟೆ. ಉಳಿಯುವುದು 20. ಗಂಟೆಗೆ 5, ಪ್ರತಿ 1ಕ್ಕೆ 2.
ಮೂರನೆಯದು: ಆದಾಯ 50, ಸಾಮಾನಿಗೆ 35, ಕೆಲಸ 2 ಗಂಟೆ. ಉಳಿಯುವುದು 15. ಗಂಟೆಗೆ 7.5, ಪ್ರತಿ 1ಕ್ಕೆ 0.43.

ಮೊದಲನೆಯದು ಕಣ್ಣಿಗೆ ದೊಡ್ಡದು, ಆದರೆ ಎರಡು ಲೆಕ್ಕದಲ್ಲೂ ಎರಡನೆಯದು ಅದಕ್ಕಿಂತ ಮೇಲು. ಮೂರನೆಯದರ ಕಥೆ ಬೇರೆ. ಗಂಟೆ ಸಾಲದವರಿಗೆ ಅದು ಎಲ್ಲಕ್ಕಿಂತ ಉತ್ತಮ, ಹಣ ಸಾಲದವರಿಗೆ ಎಲ್ಲಕ್ಕಿಂತ ಕೆಟ್ಟದ್ದು. ಆದ್ದರಿಂದ ಯಾವ ಆರ್ಡರ್ ಒಳ್ಳೆಯದು ಎಂದು ಕೇಳುವ ಮೊದಲು ಈ ತಿಂಗಳು ಯಾವುದರ ಕೊರತೆ ಎಂದು ತೀರ್ಮಾನಿಸಿ. ಕಳೆದ ತಿಂಗಳ ಎಲ್ಲ ಆರ್ಡರುಗಳಿಗೂ ಈ ಲೆಕ್ಕ ಹಾಕಿ, ತಳದ ಐದನೇ ಒಂದು ಭಾಗವನ್ನು ಗುರುತಿಸಿ. ಅವುಗಳಿಗೆ ಬೆಲೆ ಏರಿಸಿ, ಇಲ್ಲವೇ ಮುಂಗಡ ಕೇಳಿ, ಅದೂ ಆಗದಿದ್ದರೆ ಕೈಬಿಡಿ. ಗಂಟೆಯ ಲೆಕ್ಕದಲ್ಲಿ ಓಡಾಟ, ಫೋನ್, ಬಾಕಿ ವಸೂಲಿಗೆ ಹೋದ ಹೊತ್ತನ್ನೂ ಸೇರಿಸಬೇಕು. ಬಾಕಿ ಕೇಳಲು ನಾಲ್ಕು ಸಲ ಹೋಗಿ ಬಂದ ಆರ್ಡರ್ ಲಾಭದ್ದೆಂದು ಪುಸ್ತಕದಲ್ಲಿ ಉಳಿದುಬಿಡುವುದು ಇಲ್ಲಿಯ ದೊಡ್ಡ ತಪ್ಪು.

ಹಂತ 3: ಹತ್ತರಲ್ಲಿ ಒಂದು ಪಾಲನ್ನು ಹುಡುಕಾಟಕ್ಕೆ ಇಡಿ, ಅದು ತಾನಾಗಿ ಕರಗುವಂತೆ ಮಾಡಿ

ಹೊರಗೆ ಹೋಗುವ ಹುಳುಗಳಲ್ಲಿ ಹೆಚ್ಚಿನವು ಈಗಾಗಲೇ ಗೊತ್ತಿರುವ ಹೂವಿಗೇ ಹೋಗುತ್ತವೆ. ಹೊಸ ಜಾಗ ಹುಡುಕುವ ಶೋಧಕರು ಸರಾಸರಿ ನೂರಕ್ಕೆ 10. ಮೇವು ಸಮೃದ್ಧವಾಗಿದ್ದಾಗ ಅದು 5ಕ್ಕೆ ಇಳಿಯುತ್ತದೆ, ಬರಗಾಲದಲ್ಲಿ 35ರವರೆಗೂ ಏರುತ್ತದೆ. ನಾವು ಮಾಡುವುದು ಇದರ ತಿರುಗುಮುರುಗು. ಕೈತುಂಬ ಹಣವಿದ್ದಾಗ ಹೊಸ ಪ್ರಯೋಗಗಳಿಗೆ ಸುರಿಯುತ್ತೇವೆ, ಹಣ ಬತ್ತಿದಾಗ ಇದ್ದ ಒಂದೇ ಗಿರಾಕಿಯನ್ನು ಅಂಟಿಕೊಳ್ಳುತ್ತೇವೆ. ವಾರದ ಕೆಲಸದ ಹೊತ್ತಿನಲ್ಲಿ ಹತ್ತನೇ ಒಂದು ಭಾಗ, ಅಂದರೆ 50 ಗಂಟೆಗೆ 5 ಗಂಟೆ, ಹೊಸ ವಸ್ತು ಅಥವಾ ಹೊಸ ಗಿರಾಕಿಯ ಹುಡುಕಾಟಕ್ಕೆ ಬರೆದಿಡಿ. ಆರ್ಡರ್ ಇಳಿದ ತಿಂಗಳಲ್ಲಿ ಅದನ್ನು 15 ಗಂಟೆಗೆ ಏರಿಸಿ.

ಹೊಸ ಪ್ರಯತ್ನ ಶುರುಮಾಡುವುದು ಸುಲಭ, ನಿಲ್ಲಿಸುವುದು ಸುಲಭವಲ್ಲ. ಇಲ್ಲಿ ಜೇನಿನ ನಿಯಮ ಅಚ್ಚರಿಯಷ್ಟು ಚೊಕ್ಕ. ಹೊಸ ಮನೆಗೆ ಜಾಗ ಕಂಡ ಶೋಧಕ ಹುಳು ಹಿಂಡಿಗೆ ಬಂದು ಕುಣಿಯುತ್ತದೆ, ಮತ್ತೆ ಹೋಗಿ ನೋಡಿ ಬಂದು ಕುಣಿಯುತ್ತದೆ. ಆದರೆ ಪ್ರತಿ ಸಲವೂ ಕುಣಿತ ಸುಮಾರು 15 ಸುತ್ತು ಕಡಿಮೆಯಾಗುತ್ತದೆ. ಜಾಗ ಒಳ್ಳೆಯದಾಗಿದ್ದರೂ ಸರಿ, ಕೊನೆಗೆ ಅದು ಕುಣಿಯುವುದನ್ನೇ ಬಿಡುತ್ತದೆ. ಒಳ್ಳೆಯ ಜಾಗದ್ದು 90 ಸುತ್ತಿನಿಂದ ಶುರುವಾದರೆ ಆರು ಸಲ ನಡೆಯುತ್ತದೆ, ಸಾಧಾರಣದ್ದು 30ರಿಂದ ಶುರುವಾದರೆ ಎರಡೇ ಸಲಕ್ಕೆ ಮುಗಿಯುತ್ತದೆ. ಅಷ್ಟರೊಳಗೆ ಬೇರೆ ಹುಳುಗಳು ತಾವೇ ಹೋಗಿ ನೋಡಿ ಒಪ್ಪಿದ್ದರೆ ಮಾತ್ರ ಆ ಜಾಗ ಉಳಿಯುತ್ತದೆ. ಹಟ ಹಿಡಿದು ಕುಣಿಯುವವರಿಂದ ಗೂಡು ಹಾಳಾಗದಿರುವುದು ಇದರಿಂದಲೇ.

ನಿಮ್ಮ ಪ್ರಯೋಗಕ್ಕೂ ಇದನ್ನೇ ಅಳವಡಿಸಿ. ಮೊದಲ ವಾರಕ್ಕೆ 5 ಗಂಟೆ, ಎರಡನೆಯ ವಾರಕ್ಕೆ 4, ಹೀಗೆ ಐದನೆಯ ವಾರಕ್ಕೆ 1, ಆರನೆಯದಕ್ಕೆ ಸೊನ್ನೆ. ನಿಲ್ಲಿಸಲು ಯಾರ ತೀರ್ಮಾನವೂ ಬೇಕಿಲ್ಲ, ಮುಂದುವರಿಸಲು ಮಾತ್ರ ಸಾಕ್ಷಿ ಬೇಕು. ಸಾಕ್ಷಿ ಎಂದರೆ ಆ ಯೋಚನೆ ಹುಟ್ಟಿಸಿದವರ ಉತ್ಸಾಹವಲ್ಲ, ಅದನ್ನು ಹೊಸದಾಗಿ ನೋಡಿದ ಇನ್ನೊಬ್ಬರ ಒಪ್ಪಿಗೆ. ಒಬ್ಬರೇ ನಡೆಸುವ ವ್ಯಾಪಾರದಲ್ಲಿ ಹಣ ಕೊಟ್ಟು ಕೊಂಡ, ನಿಮ್ಮ ಗೆಳೆಯರೋ ನೆಂಟರೋ ಅಲ್ಲದ ಗಿರಾಕಿಯೇ ಆ ಇನ್ನೊಬ್ಬರು. ಅಂಥ ಒಬ್ಬೊಬ್ಬ ಹೊಸ ಗಿರಾಕಿಗೂ 2 ಗಂಟೆ ಮರಳಿ ಸೇರಿಸಿ. ಹಳೆಯ ಗಿರಾಕಿ ‘ಚೆನ್ನಾಗಿದೆ’ ಎಂದದ್ದಕ್ಕೆ ಏನನ್ನೂ ಸೇರಿಸಬೇಡಿ.

ಹಂತ 4: ದೊಡ್ಡ ನಿರ್ಧಾರಕ್ಕೆ ಮೊದಲೇ ಎಣಿಕೆ ನಿಗದಿ ಮಾಡಿ

ಅಂಗಡಿಯ ಜಾಗ ಬದಲಿಸುವುದು, ದೊಡ್ಡ ಯಂತ್ರ, ದೊಡ್ಡ ಸಾಲ. ಇವು ಹಿಂದಿರುಗಲಾಗದ ಹೆಜ್ಜೆಗಳು. ಗೂಡಿಗೆ ಅಂಥ ಹೆಜ್ಜೆ ಎಂದರೆ ಪಾಲಾಗುವುದು. ಹಳೆಯ ರಾಣಿ ಅರ್ಧಕ್ಕಿಂತ ಹೆಚ್ಚು ಕೆಲಸಗಾರ ಹುಳುಗಳೊಂದಿಗೆ ಹೊರಟು ಕೊಂಬೆಗೆ ಜೋತುಬೀಳುತ್ತದೆ, ಆಮೇಲೆ ಮನೆ ಹುಡುಕಬೇಕು. 1949ರಲ್ಲಿ ಜರ್ಮನಿಯ ಮ್ಯೂನಿಕ್‌ನಲ್ಲಿ ಜೇನುಹುಳು ಸಂಶೋಧಕ ಮಾರ್ಟಿನ್ ಲಿಂಡಾವರ್ ಇಂಥ ಹಿಂಡಿನ ಮೇಲೆ ಕುಣಿಯುವ ಹುಳುಗಳನ್ನು ಗಮನಿಸಿದರು. ಅವುಗಳ ಮೈಮೇಲೆ ಮಕರಂದ ಪರಾಗದ ಗುರುತಿಲ್ಲ. ಬದಲಿಗೆ ಒಂದಕ್ಕೆ ಮಸಿ, ಇನ್ನೊಂದಕ್ಕೆ ಇಟ್ಟಿಗೆ ಧೂಳು ಮೆತ್ತಿತ್ತು. ಅವು ಚಿಮಣಿ, ಗೋಡೆಯ ಬಿರುಕುಗಳ ಒಳಹೊಕ್ಕು ನೋಡಿ ಬಂದಿದ್ದವು. ಮಾತಾಡುವ ಮೊದಲು ಮೈಗೆ ಧೂಳು ಹತ್ತಿಸಿಕೊಳ್ಳುವುದು ಈ ಹಂತದ ಮೊದಲ ನಿಯಮ. ಜಾಗ ನೋಡಲು ಒಟ್ಟಿಗೆ ಹೋಗಬೇಡಿ. ಇಬ್ಬರು ಮೂವರು ಬೇರೆಬೇರೆ ದಿನ, ಬೇರೆಬೇರೆ ಹೊತ್ತಿನಲ್ಲಿ ಹೋಗಿ, ಪರಸ್ಪರ ಮಾತಾಡುವ ಮೊದಲೇ ಅಂಕ ಬರೆದಿಡಿ.

ಯಾವುದಕ್ಕೆ ಅಂಕ? ಜೇನುಹುಳುವಿಗೆ ಪಟ್ಟಿ ಮೊದಲೇ ಇದೆ. ಪೊಟರೆ ಸುಮಾರು 40 ಲೀಟರ್ ಇರಬೇಕು, 10 ಲೀಟರಿಗಿಂತ ಕಿರಿದಾದರೆ ಬೇಡ, 100 ಮೀರಿದರೂ ಬೇಡ. ಬಾಗಿಲು ಸಣ್ಣದಿರಬೇಕು, ನೆಲದಿಂದ ಎತ್ತರದಲ್ಲಿರಬೇಕು. ಮೇಲುಮಿತಿಯೂ ಇದೆ ಎಂಬುದನ್ನು ಗಮನಿಸಿ. ಬೆಚ್ಚಗಿಡಲಾಗದಷ್ಟು ದೊಡ್ಡ ಮನೆ ಸಣ್ಣ ಮನೆಯಷ್ಟೇ ಅಪಾಯ. ನಿಮ್ಮ ಪಟ್ಟಿಯಲ್ಲಿ ಐದೇ ಗುಣಗಳಿರಲಿ, ಪ್ರತಿಯೊಂದಕ್ಕೂ ಕೆಳಮಿತಿ ಮೇಲುಮಿತಿ ಎರಡೂ ಇರಲಿ. ಬಾಡಿಗೆ ತಿಂಗಳ ಆದಾಯದ ಇಂತಿಷ್ಟು ಭಾಗ ಮೀರಬಾರದು ಎಂಬುದನ್ನು ಜಾಗ ನೋಡುವ ಮೊದಲೇ ಬರೆಯಿರಿ. ನೋಡಿ ಮನಸೋತ ಮೇಲೆ ಬರೆದರೆ ಆ ಸಂಖ್ಯೆ ಜಾಗಕ್ಕೆ ತಕ್ಕಂತೆ ಹಿಗ್ಗುತ್ತದೆ.

ಕೊನೆಗೆ ಎಣಿಕೆ. ಎಲ್ಲ ಶೋಧಕರೂ ಒಪ್ಪುವವರೆಗೆ ಹಿಂಡು ಕಾಯುವುದಿಲ್ಲ. ಒಂದು ಜಾಗದಲ್ಲಿ ಒಂದೇ ಹೊತ್ತಿಗೆ ಸುಮಾರು 20-30 ಹುಳುಗಳು ಸೇರಿದರೆ ಹೊರಡುವ ಸಿದ್ಧತೆ ಶುರು. ಯಂತ್ರ ಕೊಳ್ಳುವ ಮೊದಲು ಇದನ್ನು ಹೀಗೆ ಬಳಸಬಹುದು: ಇಂಥ ದಿನದೊಳಗೆ 15 ಗಿರಾಕಿಗಳು ಮುಂಗಡ ಕೊಟ್ಟರೆ ಕೊಳ್ಳುವುದು, 14 ಆದರೆ ಕೊಳ್ಳುವುದಿಲ್ಲ. ಕಾಗದದ ಮೇಲೆ ಬರೆದು ದಿನಾಂಕ ಹಾಕಿ, ಇನ್ನೊಬ್ಬರ ಕೈಲಿ ಕೊಡಿ. 14ಕ್ಕೆ ನಿಂತಾಗ ಒಂದನ್ನು ಇಳಿಸುವ ಆಸೆ ಬರುವುದು ಖಂಡಿತ, ಅದಕ್ಕಾಗಿಯೇ ಕಾಗದ ಬೇರೆಯವರ ಬಳಿ ಇರಬೇಕು.

ಹಂತ 5: ಎರಡು ಷರತ್ತು ಕೂಡಿದಾಗ ಮಾತ್ರ ವಿಸ್ತರಿಸಿ

ಮೇಣ ಅಗ್ಗದ ವಸ್ತುವಲ್ಲ. ಒಂದು ಕಿಲೋ ಮೇಣಕ್ಕೆ ಹುಳುಗಳು ಹಲವು ಕಿಲೋ ಜೇನುತುಪ್ಪ ತಿಂದಿರಬೇಕು. ಆದ್ದರಿಂದ ಇದ್ದ ಎರಿ ಬಹುಪಾಲು ತುಂಬಿರಬೇಕು, ಹೊರಗಿನಿಂದ ಮಕರಂದವೂ ಬರುತ್ತಿರಬೇಕು. ಎರಡೂ ಕೂಡಿದಾಗ ಮಾತ್ರ ಹೊಸ ಎರಿ ಶುರುವಾಗುತ್ತದೆ. ವ್ಯಾಪಾರದಲ್ಲಿ ಮೊದಲ ಷರತ್ತೊಂದನ್ನೇ ನೋಡುವವರು ಹೆಚ್ಚು. ಅಂಗಡಿ ತುಂಬಿದೆ, ದೊಡ್ಡದು ಬೇಕು ಎನ್ನುತ್ತಾರೆ. ಆದರೆ ತುಂಬಿರುವುದು ಮಾರಾಟವಾಗದ ಸರಕಿನಿಂದಲೂ ಆಗಿರಬಹುದು. ನಾಲ್ಕು ವಾರ ಸತತವಾಗಿ ಯಂತ್ರ ಅಥವಾ ಜಾಗದ ನೂರಕ್ಕೆ 80 ಭಾಗ ಬಳಕೆಯಲ್ಲಿರಬೇಕು, ಅದೇ ನಾಲ್ಕು ವಾರ ಹೊಸ ಆರ್ಡರಿನ ಸಂಖ್ಯೆ ಇಳಿದಿರಬಾರದು. ಎರಡರಲ್ಲಿ ಒಂದು ತಪ್ಪಿದರೂ ಬಾಡಿಗೆಗೆ ತಂದೋ ಹೊರಗೆ ಮಾಡಿಸಿಯೋ ದಾಟಿಸಿ.

ಹಂತ 6: ಬರಗಾಲದ ದಾಸ್ತಾನು

ಸೀಲಿ ನ್ಯೂಯಾರ್ಕ್ ರಾಜ್ಯದ ಇಥಾಕಾ ಸುತ್ತಲಿನ ಕಾಡು ಗೂಡುಗಳನ್ನು ಹಿಂಬಾಲಿಸಿ 1978ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, ಹೊಸದಾಗಿ ನೆಲೆಯೂರಿದ ಕುಟುಂಬಗಳಲ್ಲಿ ಮೊದಲ ವರ್ಷ ದಾಟಿದ್ದು ಸುಮಾರು ನಾಲ್ಕರಲ್ಲಿ ಒಂದು. ಒಮ್ಮೆ ನೆಲೆನಿಂತ ಕುಟುಂಬಗಳಲ್ಲಿ ನಾಲ್ಕರಲ್ಲಿ ಮೂರಕ್ಕೂ ಹೆಚ್ಚು ಉಳಿದವು. ಚಳಿ ನಾಡಿನಲ್ಲಿ ಹೊಸ ಕುಟುಂಬವನ್ನು ಕೊಲ್ಲುವುದು ಹೆಚ್ಚಾಗಿ ಖಾಲಿಯಾದ ಎರಿ. ಚಳಿಗಾಲ ದಾಟಲು ಸುಮಾರು 20 ಕಿಲೋ ಜೇನುತುಪ್ಪ ಬೇಕು, ಒಂದೇ ಬೇಸಿಗೆಯಲ್ಲಿ ಮನೆಯನ್ನೂ ಕಟ್ಟಿ ಅಷ್ಟನ್ನೂ ಕೂಡಿಡುವುದು ಕಷ್ಟ.

ನಿಮ್ಮ 20 ಕಿಲೋ ಎಷ್ಟೆಂದು ಲೆಕ್ಕ ಹಾಕುವುದು ಹೀಗೆ. ಬಾಡಿಗೆ, ಸಂಬಳ, ಕಂತು, ಮನೆ ಖರ್ಚು ಸೇರಿ ತಿಂಗಳ ಅನಿವಾರ್ಯ ಖರ್ಚು 100 ಎಂದಿರಲಿ. ಕಳೆದ ವರ್ಷದಲ್ಲಿ ಆದಾಯ ಇದಕ್ಕಿಂತ ಕಡಿಮೆ ಬಂದ ಸಾಲು ತಿಂಗಳುಗಳನ್ನು ಹುಡುಕಿ. ಮೂರು ತಿಂಗಳು 60, 40, 70 ಬಂದಿದ್ದರೆ ಕೊರತೆ 40, 60, 30. ಒಟ್ಟು 130. ಉದ್ರಿ ಬಾಕಿ ಸಾಮಾನ್ಯವಾಗಿ ಒಂದು ತಿಂಗಳು ತಡವಾಗಿ ಬರುವುದಾದರೆ ಆ ಒಂದು ತಿಂಗಳ ಉದ್ರಿಯನ್ನೂ ಕೂಡಿಸಿ. ಅದು 50 ಆದರೆ ಗುರಿ 180. ಉಳಿದ ಒಂಬತ್ತು ತಿಂಗಳಲ್ಲಿ ತಿಂಗಳಿಗೆ 20ರಂತೆ ಬೇರೆ ಖಾತೆಗೆ ಹಾಕಬೇಕು, ತಿಂಗಳ ಕೊನೆಗಲ್ಲ, ಹಣ ಬಂದ ದಿನವೇ. ಒಂದು ವರ್ಷದ ಲೆಕ್ಕವೇ ಇಲ್ಲದ ಹೊಸ ವ್ಯಾಪಾರಕ್ಕೆ ಆರು ತಿಂಗಳ ಅನಿವಾರ್ಯ ಖರ್ಚಿಗಿಂತ ಕಡಿಮೆ ಇಟ್ಟುಕೊಂಡು ಹೊರಡುವುದು ಸರಿಯಲ್ಲ. ಪಾಲಾಗಿ ಹೊರಡುವ ಹುಳುಗಳೂ ಹೊಟ್ಟೆ ತುಂಬ ಜೇನು ಕುಡಿದೇ ಹೊರಡುತ್ತವೆ. ಎರಡನೆಯ ಶಾಖೆ ತೆರೆಯುವವರು ಮೊದಲ ಅಂಗಡಿಯ ಗಲ್ಲಾ ನಂಬಿ ಬರಿಗೈಯಲ್ಲಿ ಹೊರಡಬಾರದು.

ಹೋಲಿಕೆ ಎಲ್ಲಿ ನಿಲ್ಲಬೇಕು

ಚಳಿಗಾಲದ ಮುನ್ನ ಗೂಡು ಗಂಡು ಹುಳುಗಳನ್ನು ಹೊರಗೆ ದಬ್ಬುತ್ತದೆ. ಇದನ್ನು ಹಿಡಿದು ಜನರನ್ನು ಕೆಲಸದಿಂದ ತೆಗೆಯಲು ಸಮರ್ಥನೆ ಹುಡುಕಬೇಡಿ. ಗೂಡಿನ ಹುಳುಗಳು ಒಂದೇ ತಾಯಿಯ ಮಕ್ಕಳು, ಅವುಗಳ ಹಿತ ಒಂದೇ. ನಿಮ್ಮಲ್ಲಿ ದುಡಿಯುವವರಿಗೆ ತಮ್ಮದೇ ಮನೆ, ತಮ್ಮದೇ ಹಕ್ಕು, ತಮ್ಮದೇ ಲೆಕ್ಕಗಳಿವೆ. ಗಿರಾಕಿಯೂ ಹೂವಲ್ಲ. ಒರಟಾಗಿ ನಡೆಸಿಕೊಂಡದ್ದನ್ನು ಹೂವು ನೆನಪಿಡುವುದಿಲ್ಲ, ಗಿರಾಕಿ ವರ್ಷಗಟ್ಟಲೆ ನೆನಪಿಡುತ್ತಾರೆ. ಗೂಡಿನಿಂದ ತೆಗೆದುಕೊಳ್ಳಬೇಕಾದದ್ದು ಅಳತೆಯ ವಿಧಾನವನ್ನು ಮಾತ್ರ.

ಒಂದು ವಿಷಯದಲ್ಲಂತೂ ಹುಳುಗಳು ನಮಗಿಂತ ಮುಂದಿವೆ. ಹೂವಿನ ಬಳಿ ದಾಳಿಗೆ ಸಿಕ್ಕಿ ಬಂದ ಹುಳು, ಆ ಹೂವಿಗಾಗಿ ಕುಣಿಯುತ್ತಿರುವವರನ್ನು ತಲೆಯಿಂದ ಗುದ್ದಿ ಸಣ್ಣ ಸದ್ದು ಮಾಡಿ ನಿಲ್ಲಿಸುತ್ತದೆ. ಜೇಮ್ಸ್ ನೀ ಎಂಬ ಸಂಶೋಧಕರು 2010ರಲ್ಲಿ ಇದನ್ನು ತೋರಿಸಿದರು. ನಿಮ್ಮಲ್ಲಿ ಕೆಲಸ ಮಾಡುವವರಲ್ಲಿ ಅತ್ಯಂತ ಕಿರಿಯರೂ ‘ಈ ಗಿರಾಕಿ ಹಣ ಕೊಡುವುದಿಲ್ಲ’, ‘ಈ ಸರಕು ವಾಪಸ್ ಬರುತ್ತಿದೆ’ ಎಂದು ಹೇಳಿದರೆ ಅಂಥ ಹೊಸ ಆರ್ಡರುಗಳು ಒಂದು ದಿನದ ಮಟ್ಟಿಗೆ ನಿಲ್ಲುವ ವ್ಯವಸ್ಥೆ ಇರಲಿ. ಒಂದು ದಿನ ಸಾಕು, ಅಷ್ಟರಲ್ಲಿ ನಿಜವೋ ಅಲ್ಲವೋ ಗೊತ್ತಾಗುತ್ತದೆ.

ಹಂತ 7: ಬಿಟ್ಟುಬಂದದ್ದನ್ನು ಮತ್ತೆ ನೋಡಿ

ಮಕರಂದ ಬತ್ತಿದ ಹೂವನ್ನು ಬಿಟ್ಟ ಮೇಲೂ ಅಲ್ಲಿ ದುಡಿದಿದ್ದ ಹುಳುಗಳಲ್ಲಿ ಕೆಲವು ಆಗಾಗ ಹೋಗಿ ನೋಡಿ ಬರುತ್ತವೆ. ಮತ್ತೆ ಮಕರಂದ ಕಂಡರೆ ಹಳೆಯ ತಂಡ ಕೂಡಲೇ ಎದ್ದು ಹೋಗುತ್ತದೆ, ಹೊಸದಾಗಿ ಹುಡುಕುವ ಶ್ರಮವಿಲ್ಲ. ನೋಟ್‌ಪುಸ್ತಕದ ಕೊನೆಯ ಹಾಳೆಯಲ್ಲಿ ಎರಡು ಪಟ್ಟಿ ಮಾಡಿ: ಬರುವುದನ್ನು ಬಿಟ್ಟ ಗಿರಾಕಿಗಳು, ಮೂರನೆಯ ಹಂತದಲ್ಲಿ ಸೊನ್ನೆಗೆ ಇಳಿದು ನಿಂತ ಪ್ರಯೋಗಗಳು. ವಾರಕ್ಕೆ ಒಂದು ಬೆಳಿಗ್ಗೆ, ಅಂಗಡಿ ತೆರೆಯುವ ಮುನ್ನ ಅರ್ಧ ಗಂಟೆ, ಮೊದಲ ಪಟ್ಟಿಯಿಂದ ಮೂವರಿಗೆ ಫೋನ್ ಮಾಡಿ. ಏನನ್ನೂ ಮಾರಬೇಡಿ, ಈಗ ಆ ಕೆಲಸ ಯಾರ ಬಳಿ ಮಾಡಿಸುತ್ತಿದ್ದಾರೆ, ಅಲ್ಲಿ ಎಷ್ಟು ದಿನ ಕಾಯಬೇಕಾಗುತ್ತದೆ ಎಂದಷ್ಟೇ ಕೇಳಿ. ಅವರು ಹೇಳಿದ ದಿನಗಳನ್ನು ಹೆಸರಿನ ಎದುರು ಬರೆದು, ಮೊದಲ ಹಂತದಲ್ಲಿ ಹಾಕಿದ ನಿಮ್ಮ ಮೇಲ್ಗೆರೆಯ ಪಕ್ಕ ಇಟ್ಟು ನೋಡಿ.